ಓದುಗರ ಪ್ರಶ್ನೆ, ನಮ್ಮ ಉತ್ತರ: ಕೀಲಿ ಎಷ್ಟು ಇಳಿದರೆ ಅಕ್ಷರ ಮೂಡಬೇಕು?

ಕಳೆದ ಸಂಚಿಕೆಯಲ್ಲಿ ಕೀಲಿಮಣೆಗಳ ಕುರಿತು ಪ್ರಕಟವಾದ ಪುಟ್ಟ ಟಿಪ್ಪಣಿಯಲ್ಲಿ ‘ಅಯಸ್ಕಾಂತದ ಸ್ವಿಚ್’ ಎಂಬ ಮಾತು ಬಂದಿತ್ತು. ಅದನ್ನು ವಿವರಿಸದೆ ಮುಂದೆ ಹೋದದ್ದು ನಮ್ಮದೇ ತಪ್ಪು. ಬಂದ ಪತ್ರಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಹಾಲ್ ಎಫೆಕ್ಟ್ (ಅಯಸ್ಕಾಂತದ ಸ್ವಿಚ್ಚಿನ) ಕೀಲಿಮಣೆಗಳಲ್ಲಿ ಕೀಲಿ ಎಷ್ಟು ಇಳಿದಾಗ ಅಕ್ಷರ ಮೂಡಬೇಕೆಂಬುದನ್ನು ಸಾಫ್ಟ್‌ವೇರಿನಲ್ಲೇ ಬದಲಾಯಿಸಬಹುದು ಎನ್ನುತ್ತಾರೆ. ಸ್ವಿಚ್ಚನ್ನು ಬಿಚ್ಚದೆ, ಸ್ಪ್ರಿಂಗ್ ಬದಲಿಸದೆ ಅದರ ಗುಣ ಬದಲಾಗುವುದು ಹೇಗೆ? — ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಸ್ವಿಚ್ಚಿನ ಗುಣ ಬದಲಾಗುವುದಿಲ್ಲ, ಅದರ ಬಗ್ಗೆ ತೀರ್ಪು ಕೊಡುವವರು ಬದಲಾಗುತ್ತಾರೆ. ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್ಚಿನಲ್ಲಿ ಎರಡು ಲೋಹದ ಎಲೆಗಳಿರುತ್ತವೆ. ಕೀಲಿಯ ಕಾಂಡ ಕೆಳಗಿಳಿದಾಗ ಅವು ಒಂದಕ್ಕೊಂದು ತಾಗುತ್ತವೆ, ವಿದ್ಯುತ್ ಹರಿಯುತ್ತದೆ, ಅಕ್ಷರ ಮೂಡುತ್ತದೆ. ಎಷ್ಟು ಇಳಿದಾಗ ತಾಗಬೇಕೆಂಬುದನ್ನು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಅಚ್ಚೇ ನಿರ್ಧರಿಸಿಬಿಟ್ಟಿರುತ್ತದೆ. ಚೆರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ಚಿನಲ್ಲಿ ಕೀಲಿಯ ಒಟ್ಟು ಚಲನೆ 4 ಮಿ.ಮೀ., ತಾಗುವ ಆಳ 2 ಮಿ.ಮೀ. ಈ ಆಳಕ್ಕೇ ಆಕ್ಚುಯೇಷನ್ ಪಾಯಿಂಟ್ ಎಂದು ಹೆಸರು. ಇದಕ್ಕಿಂತ ಬೇಗ ತಾಗುವ ಸ್ವಿಚ್ ಬೇಕೆಂದರೆ ಅದೇ ಕಂಪನಿಯ 1.2 ಮಿ.ಮೀ. ಆಳದ ಸ್ಪೀಡ್ ಸಿಲ್ವರ್ ಇದೆ, ಆದರೆ ಅದಕ್ಕಾಗಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಬೇಕು.

ಅಯಸ್ಕಾಂತದ ಸ್ವಿಚ್ಚಿನಲ್ಲಿ ತಾಗುವುದೇನೂ ಇಲ್ಲ. ಕಾಂಡದ ತುದಿಯಲ್ಲಿ ಒಂದು ಪುಟ್ಟ ಅಯಸ್ಕಾಂತ, ಕೆಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಪ್ರತಿ ಕೀಲಿಗೂ ಒಂದೊಂದು ಹಾಲ್ ಸೆನ್ಸರ್. ವಿದ್ಯುತ್ ಹರಿಯುತ್ತಿರುವ ತೆಳುಹಾಳೆಯ ಮೇಲೆ ಕಾಂತಕ್ಷೇತ್ರ ಬಿದ್ದರೆ ಹಾಳೆಯ ಅಡ್ಡಕ್ಕೆ ಸಣ್ಣದೊಂದು ವೋಲ್ಟೇಜ್ ಹುಟ್ಟುತ್ತದೆ ಎಂಬುದನ್ನು ಎಡ್ವಿನ್ ಹಾಲ್ ಎಂಬ ಸಂಶೋಧನಾ ವಿದ್ಯಾರ್ಥಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1879ರಲ್ಲಿ, ಚಿನ್ನದ ತೆಳುತಗಡನ್ನು ಬಳಸಿ ಕಂಡುಕೊಂಡ. ಎಲೆಕ್ಟ್ರಾನ್ ಎಂಬ ಕಣ ಇದೆಯೆಂದು ಜಗತ್ತಿಗೆ ಗೊತ್ತಾಗುವುದಕ್ಕೆ ಆಗ ಇನ್ನೂ 18 ವರ್ಷ ಬಾಕಿಯಿತ್ತು. ಕೀಲಿ ಇಳಿದಷ್ಟೂ ಅಯಸ್ಕಾಂತ ಸೆನ್ಸರಿಗೆ ಹತ್ತಿರವಾಗುತ್ತದೆ, ವೋಲ್ಟೇಜ್ ಬದಲಾಗುತ್ತ ಹೋಗುತ್ತದೆ. ಕೀಲಿಮಣೆಯೊಳಗಿನ ಚಿಪ್ ಪ್ರತಿ ಕೀಲಿಯ ವೋಲ್ಟೇಜನ್ನೂ ಸೆಕೆಂಡಿಗೆ ಸಾವಿರಾರು ಬಾರಿ ಓದಿ ಅಂಕಿಯಾಗಿ ಬರೆದುಕೊಳ್ಳುತ್ತದೆ. ವೋಲ್ಟೇಜನ್ನು ಅಂಕಿಯಾಗಿಸುವ ಪರಿವರ್ತಕ 12 ಬಿಟ್‌ನದಾದರೆ 0ಯಿಂದ 4095ರವರೆಗಿನ ಒಂದು ಅಂಕಿ ಬರುತ್ತದೆ. ಆ ಅಂಕಿಯಿಂದ ‘ಈ ಕೀಲಿ ಈಗ 1.4 ಮಿ.ಮೀ. ಇಳಿದಿದೆ’ ಎಂದು ಲೆಕ್ಕ ಹಾಕಿ, ನೀವು ಗೊತ್ತುಮಾಡಿದ ಆಳವನ್ನು ಅದು ದಾಟಿದೆಯೇ ಎಂದು ಹೋಲಿಸಿ ನೋಡುವುದು ಫರ್ಮ್‌ವೇರಿನ, ಅಂದರೆ ಆ ಚಿಪ್ಪಿನೊಳಗೇ ಇರುವ ತಂತ್ರಾಂಶದ ಕೆಲಸ. ನೀವು ಸಾಫ್ಟ್‌ವೇರಿನಲ್ಲಿ ಬದಲಿಸುವುದು ಈ ಹೋಲಿಕೆಯ ಗಡಿಯನ್ನು ಮಾತ್ರ.

ಹಾಲ್ ಸೆನ್ಸರ್ ಇದ್ದ ಮಾತ್ರಕ್ಕೆ ಆಳವನ್ನು ಹೊಂದಿಸಬಹುದು ಎಂದು ತಿಳಿಯಬೇಡಿ. ಅಮೆರಿಕದ ಹನಿವೆಲ್ ಕಂಪನಿಯ ಮೈಕ್ರೋ ಸ್ವಿಚ್ ವಿಭಾಗ 1960ರ ದಶಕದ ಕೊನೆಯಲ್ಲೇ ಹಾಲ್ ಸೆನ್ಸರಿನ ಕೀಲಿಮಣೆಗಳನ್ನು ಮಾಡಿತ್ತು. ಲೋಹಕ್ಕೆ ಲೋಹ ಉಜ್ಜಿ ಸವೆಯದ, ಧೂಳು ಕೂತು ಕೆಡದ ಸ್ವಿಚ್ ಬೇಕೆಂಬುದಷ್ಟೇ ಅವರ ಗುರಿಯಾಗಿತ್ತು. ಆ ಚಿಪ್ಪುಗಳು ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳುತ್ತಿದ್ದವು. ಎಷ್ಟು ಇಳಿಯಿತು ಎಂಬ ಅಳತೆಯನ್ನು ಹೊರಗೆ ಕೊಟ್ಟು, ನಿರ್ಧಾರವನ್ನು ಫರ್ಮ್‌ವೇರಿಗೆ ಬಿಡುವ ಕ್ರಮ ಜನಸಾಮಾನ್ಯರ ಮೇಜಿಗೆ ಬಂದದ್ದು ಕಳೆದ ಹತ್ತು ವರ್ಷಗಳಲ್ಲಿ. ನೆದರ್ಲೆಂಡ್ಸ್‌ನ ವೂಟಿಂಗ್ ಕಂಪನಿ 2016ರಲ್ಲಿ ಜನರಿಂದ ಹಣ ಕೂಡಿಸಿ ತಂದ ಮೊದಲ ಕೀಲಿಮಣೆ ಬೆಳಕನ್ನು ಬಳಸಿ ಆಳವನ್ನು ಅಳೆಯುತ್ತಿತ್ತು, ಮುಂದೆ ಅದೂ ಅಯಸ್ಕಾಂತಕ್ಕೆ ಬದಲಾಯಿತು. ಸ್ಟೀಲ್‌ಸೀರೀಸ್ ಕಂಪನಿ 2019ರಲ್ಲಿ 0.4ರಿಂದ 3.6 ಮಿ.ಮೀ.ವರೆಗೆ ಹೊಂದಿಸಬಹುದಾದ ಏಪೆಕ್ಸ್ ಪ್ರೊ ಎಂಬುದನ್ನು ಬಿಡುಗಡೆ ಮಾಡಿತು. ಜಪಾನಿನ ಟೊಪ್ರೆ ಕಂಪನಿಯ ರಿಯಲ್‌ಫೋರ್ಸ್ ಕೀಲಿಮಣೆಗಳು ಅಯಸ್ಕಾಂತವಿಲ್ಲದೆ, ಸ್ಪ್ರಿಂಗ್ ಅದುಮಿದಾಗ ಬದಲಾಗುವ ವಿದ್ಯುತ್ ಧಾರಕತೆಯನ್ನು ಅಳೆದು 1.5, 2.2, 3 ಮಿ.ಮೀ. ಎಂಬ ಮೂರು ಆಯ್ಕೆಗಳನ್ನು ಕೊಡುತ್ತಿದ್ದವು. ದಾರಿ ಬೇರೆಯಾದರೂ ತತ್ತ್ವ ಒಂದೇ.

ನಾನು ಮುದ್ರಣಾಲಯದಲ್ಲಿ ದಿನವಿಡೀ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡುತ್ತೇನೆ. ಕೀಲಿಯ ಆಳವನ್ನು 0.1 ಮಿ.ಮೀ.ಗೆ ಇಳಿಸಿಕೊಂಡರೆ ವೇಗ ಹೆಚ್ಚುತ್ತದೆಂದು ಅಂಗಡಿಯವರು ಹೇಳುತ್ತಾರೆ. ಇದು ನಿಜವೇ? — ಡಿಟಿಪಿ ಕೆಲಸಗಾರರು, ಮೈಸೂರು

ನಿಜವಲ್ಲ. ಎಲ್ಲ ಕೀಲಿಗಳೂ ಹತ್ತು ಮಿಲಿಸೆಕೆಂಡು ಮೊದಲೇ ಎಚ್ಚೆತ್ತರೆ ಎಲ್ಲ ಅಕ್ಷರಗಳೂ ಪರದೆಯ ಮೇಲೆ ಹತ್ತು ಮಿಲಿಸೆಕೆಂಡು ಮೊದಲು ಮೂಡುತ್ತವೆ, ಅಷ್ಟೆ. ಒಂದಕ್ಷರಕ್ಕೂ ಮುಂದಿನದಕ್ಕೂ ನಡುವಿನ ಅಂತರ ಮೊದಲಿನಷ್ಟೇ ಇರುತ್ತದೆ. ನಿಮಿಷಕ್ಕೆ 200 ಕೀಲಿ ಒತ್ತುವವರಿಗೆ ಒಂದೊಂದು ಕೀಲಿಗೂ 300 ಮಿಲಿಸೆಕೆಂಡು ಹಿಡಿಯುತ್ತದೆ, ಮತ್ತು ಅದರಲ್ಲಿ ಬಹುಪಾಲು ಹೋಗುವುದು ಹಸ್ತಪ್ರತಿಯನ್ನು ಓದುವುದಕ್ಕೆ, ಮುಂದಿನ ಕೀಲಿಯತ್ತ ಬೆರಳು ಸಾಗುವುದಕ್ಕೆ. ವೇಗದ ಗಂಟು ಅಲ್ಲಿದೆ.

ಆಳವನ್ನು ಇಷ್ಟು ಕಡಿಮೆ ಮಾಡಿದರೆ ಆಗುವ ತೊಂದರೆಯನ್ನು ನಾನೇ ಅನುಭವಿಸಿದ್ದೇನೆ. ಹೊಸ ಕೀಲಿಮಣೆ ತಂದ ಹುಮ್ಮಸ್ಸಿನಲ್ಲಿ ಎಲ್ಲ ಕೀಲಿಗಳನ್ನೂ 0.2 ಮಿ.ಮೀ.ಗೆ ಇಟ್ಟು ಇದೇ ಅಂಕಣದ ಒಂದು ಕಂತನ್ನು ಬರೆದು ಕಳಿಸಿದ್ದೆ. ‘ಮನೆ’ ಎಂಬುದು ನಾಲ್ಕು ಕಡೆ ‘ಮ್ನೆ’ ಆಗಿತ್ತು. ಕರಡು ನೋಡುವವರು ಫೋನ್ ಮಾಡಿ, ಇದು ಯಾವ ಸೀಮೆಯ ಕನ್ನಡ ಸಾರ್ ಎಂದು ಕೇಳಿದರು. ನುಡಿಯಲ್ಲಿ ಬಳಕೆಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವ ಕೀಲಿ ಇಂಗ್ಲಿಷಿನ ಎಫ್. ಅದು ಎಡಗೈ ತೋರುಬೆರಳು ಸುಮ್ಮನೆ ಕೂರುವ ಜಾಗ. ಬೆರಳು ಬರಿದೆ ಭಾರ ಬಿಟ್ಟರೂ ಕೀಲಿ ಕೂದಲೆಳೆಯಷ್ಟು ಇಳಿಯುತ್ತದೆ, 0.2 ಮಿ.ಮೀ.ಗೆ ಅಷ್ಟು ಸಾಕು.

ಹಾಗೆಂದು ಈ ಸೌಲಭ್ಯ ನಿಮಗೆ ಪ್ರಯೋಜನವಿಲ್ಲವೆಂದಲ್ಲ. ಅದರ ಪ್ರಯೋಜನ ಇರುವುದು ಒಂದೊಂದು ಕೀಲಿಗೂ ಬೇರೆ ಬೇರೆ ಆಳ ಇಡುವುದರಲ್ಲಿ, ಮತ್ತು ಕನ್ನಡ ಬೆರಳಚ್ಚುಗಾರರಿಗೆ ಇದು ಇಂಗ್ಲಿಷಿನವರಿಗಿಂತ ಹೆಚ್ಚು ಬೇಕು. ಇಂಗ್ಲಿಷಿನಲ್ಲಿ ಶಿಫ್ಟ್ ಕೀಲಿ ವಾಕ್ಯದ ಆರಂಭಕ್ಕೆ, ಹೆಸರುಗಳಿಗೆ ಬೇಕಾಗುತ್ತದೆ. ನಮಗೆ ಮಹಾಪ್ರಾಣಕ್ಕೂ ಶಿಫ್ಟ್, ದೀರ್ಘಕ್ಕೂ ಶಿಫ್ಟ್, ಣಕಾರ ಳಕಾರಗಳಿಗೂ ಶಿಫ್ಟ್. ಅದನ್ನು ಒತ್ತುವುದು ಇದ್ದ ಬೆರಳುಗಳಲ್ಲೆಲ್ಲ ಬಲಹೀನವಾದ ಕಿರುಬೆರಳು.

‘ಕಥನ’ ಎಂಬ ಪದವನ್ನೇ ನೋಡಿ. ಕೆ, ಶಿಫ್ಟ್ ಹಿಡಿದು ಟಿ, ಶಿಫ್ಟ್ ಬಿಟ್ಟು ಎನ್. ಕಿರುಬೆರಳು ಒಂದು ಚೂರು ತಡಮಾಡಿ, ಶಿಫ್ಟ್ 2 ಮಿ.ಮೀ. ತಲಪುವ ಮೊದಲೇ ಟಿ ತಲಪಿತೆಂದರೆ ಪರದೆಯಲ್ಲಿ ಮೂಡುವುದು ‘ಕತನ’. ಶಿಫ್ಟನ್ನು ಎತ್ತುವುದು ತಡವಾಗಿ, ಅದು ಬಿಡುಗಡೆಯಾಗುವ ಮೊದಲೇ ಎನ್ ಬಿತ್ತೆಂದರೆ ‘ಕಥಣ’. ‘ದೀಪ’ ಕೂಡ ಹೀಗೆಯೇ ಒಮ್ಮೆ ‘ದಿಪ’, ಇನ್ನೊಮ್ಮೆ ‘ದೀಫ’ ಆಗುತ್ತದೆ. ನಿಮ್ಮ ಕರಡುಗಳಲ್ಲಿ ಕೆಂಪು ಗುರುತು ಬಿದ್ದ ಅಲ್ಪಪ್ರಾಣ-ಮಹಾಪ್ರಾಣದ ತಪ್ಪುಗಳನ್ನು ಒಂದು ದಿನ ಪಟ್ಟಿ ಮಾಡಿ ನೋಡಿದರೆ, ಕಾಗುಣಿತ ಬಾರದೆ ಆದ ತಪ್ಪಿಗಿಂತ ಕಿರುಬೆರಳು ತಡವಾಗಿ ಆದ ತಪ್ಪೇ ಹೆಚ್ಚು ಸಿಕ್ಕರೆ ನನಗೆ ಆಶ್ಚರ್ಯವಾಗದು.

ತಡವಾಗುವ ತಪ್ಪಿಗೆ ಮದ್ದು ಸುಲಭ: ಅಕ್ಷರಗಳನ್ನು 1.8ರಿಂದ 2 ಮಿ.ಮೀ.ನಲ್ಲೇ ಉಳಿಸಿ ಎರಡೂ ಶಿಫ್ಟ್‌ಗಳನ್ನು 1 ಮಿ.ಮೀ.ಗೆ ತನ್ನಿ, ಆಗ ಕಿರುಬೆರಳಿಗೆ ಅರ್ಧದಷ್ಟು ದಾರಿ ಉಳಿಯುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಶಿಫ್ಟ್ 1 ಮಿ.ಮೀ.ನಲ್ಲಿ ಒತ್ತಿತೆಂದು ಲೆಕ್ಕವಾದರೆ, ಮೇಲೆ ಬರುವಾಗಲೂ ಅದೇ 1 ಮಿ.ಮೀ.ವರೆಗೆ ಏರುವ ತನಕ ಬಿಟ್ಟಂತಾಗುವುದಿಲ್ಲ. ಅಂದರೆ ‘ಕತನ’ ತಪ್ಪಿತು, ‘ಕಥಣ’ ಹೆಚ್ಚಾಯಿತು. ಇದಕ್ಕೆ ರ‍್ಯಾಪಿಡ್ ಟ್ರಿಗರ್ ಎಂಬ ಸೌಲಭ್ಯವನ್ನು ಶಿಫ್ಟ್ ಕೀಲಿಗಳಿಗೆ ಮಾತ್ರ ಹಾಕಿಕೊಳ್ಳಬೇಕು. ಅದನ್ನು ಮುಂದಿನ ಉತ್ತರದಲ್ಲಿ ವಿವರಿಸಿದ್ದೇನೆ. ಬಿಡುಗಡೆಯ ಅಳತೆಯನ್ನು 0.5 ಮಿ.ಮೀ. ಆಸುಪಾಸಿನಲ್ಲಿಡಿ, 0.1 ಬೇಡ. ಶಿಫ್ಟನ್ನು ಹಿಡಿದಿರುವಾಗ ಕಿರುಬೆರಳು ಸ್ವಲ್ಪ ನಡುಗುವುದು ಸಹಜ, ಆ ನಡುಕವನ್ನೇ ಬಿಡುಗಡೆಯೆಂದು ಯಂತ್ರ ತಿಳಿಯಬಾರದು. ಎಫ್ ಕೀಲಿಯನ್ನು 2.3 ಮಿ.ಮೀ.ಗೂ, ಹೆಬ್ಬೆರಳು ಸದಾ ಒರಗಿರುವ ಸ್ಪೇಸ್ ಬಾರನ್ನು ಇನ್ನೂ ತುಸು ಆಳಕ್ಕೂ ಒಯ್ಯಿರಿ. ಈ ಅಂಕಿಗಳು ನನ್ನ ಕೈಗೆ ಒಗ್ಗಿದವು. ನಿಮ್ಮ ಕೈಗೆ 0.2 ಮಿ.ಮೀ. ಆಚೀಚೆ ಆದೀತು, ಒಂದು ವಾರ ಕೆಲಸ ಮಾಡಿ ನೋಡಿ ತಿದ್ದಿಕೊಳ್ಳಿ.

ರ‍್ಯಾಪಿಡ್ ಟ್ರಿಗರ್ ಎಂದರೇನು? ಇಂತಹ ಕೀಲಿಮಣೆ ಬಳಸಿದ ನನ್ನ ಗೆಳೆಯನನ್ನು ಕೌಂಟರ್-ಸ್ಟ್ರೈಕ್ 2 ಆಟದಿಂದ ನಡುವೆಯೇ ಹೊರಹಾಕಲಾಯಿತು. ಇದು ಮೋಸವೇ? — ಪಿಯುಸಿ ವಿದ್ಯಾರ್ಥಿ, ಮಂಗಳೂರು

ಸಾಮಾನ್ಯ ಸ್ವಿಚ್ಚಿನಲ್ಲಿ ಕೀಲಿಯನ್ನು ತಳದ 4 ಮಿ.ಮೀ.ವರೆಗೆ ಒತ್ತಿಬಿಟ್ಟರೆ, ಅದು ಮತ್ತೆ ಸುಮಾರು 2 ಮಿ.ಮೀ. ಏರುವ ತನಕ ಒತ್ತಿಯೇ ಇದೆ ಎಂದು ಲೆಕ್ಕ. ರ‍್ಯಾಪಿಡ್ ಟ್ರಿಗರ್‌ನಲ್ಲಿ ಈ ಸ್ಥಿರ ಗಡಿಯನ್ನು ಕೈಬಿಟ್ಟು, ಕೀಲಿ ಯಾವ ದಿಕ್ಕಿಗೆ ಹೊರಟಿದೆ ಎಂಬುದನ್ನು ಗಮನಿಸಲಾಗುತ್ತದೆ. ಕೀಲಿ ತಲಪಿದ ಅತ್ಯಂತ ಕೆಳಗಿನ ಸ್ಥಾನವನ್ನು ಫರ್ಮ್‌ವೇರ್ ನೆನಪಿಟ್ಟುಕೊಂಡು, ಅಲ್ಲಿಂದ ಅದು 0.2 ಮಿ.ಮೀ. ಏರಿದ ಕೂಡಲೇ ಬಿಟ್ಟಿತೆಂದು, ಮತ್ತೆ 0.2 ಮಿ.ಮೀ. ಇಳಿದ ಕೂಡಲೇ ಒತ್ತಿತೆಂದು ತೀರ್ಮಾನಿಸುತ್ತದೆ. ಬೆರಳು ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಿ ಏಳುತ್ತದೆ ಎಂದಿಟ್ಟುಕೊಂಡರೆ ಉಳಿಯುವ 1.8 ಮಿ.ಮೀ. ದಾರಿ 18 ಮಿಲಿಸೆಕೆಂಡಿಗೆ ಸಮ. ಕೌಂಟರ್-ಸ್ಟ್ರೈಕಿನಲ್ಲಿ ಓಡುತ್ತಿರುವವನ ಗುಂಡು ಗುರಿ ತಪ್ಪುತ್ತದೆ, ನಿಂತವನದು ತಾಗುತ್ತದೆ. ಆದ್ದರಿಂದ ಬೇಗ ನಿಲ್ಲುವುದಕ್ಕೆ ಅಲ್ಲಿ ಬೆಲೆಯಿದೆ. ಬೆರಳಚ್ಚಿನಲ್ಲಿ ಇಲ್ಲದ ಲಾಭ ಆಟದಲ್ಲಿ ಏಕೆ ಇದೆಯೆಂದರೆ, ಇಲ್ಲಿ ಎಣಿಕೆಗೆ ಬರುವುದು ಒಂದೇ ಒಂದು ಕೀಲಿ ಎದ್ದ ಆ ಒಂದು ಕ್ಷಣ.

ನಿಮ್ಮ ಗೆಳೆಯ ಹೊರಬಿದ್ದದ್ದು ಇದರಿಂದಲ್ಲ, ಬಹುಮಟ್ಟಿಗೆ ಸ್ನ್ಯಾಪ್ ಟ್ಯಾಪ್‌ನಂತಹ ಸೌಲಭ್ಯದಿಂದ. ರೇಝರ್ ಕಂಪನಿ 2024ರ ಜುಲೈನಲ್ಲಿ ಈ ಹೆಸರಿನಿಂದ ತಂದ ಇದರಲ್ಲಿ ಎಡಕ್ಕೆ ಸಾಗುವ ಎ ಕೀಲಿಯನ್ನು ಹಿಡಿದಿರುವಾಗಲೇ ಬಲಕ್ಕೆ ಸಾಗುವ ಡಿ ಒತ್ತಿದರೆ, ಎಯನ್ನು ಬಿಟ್ಟಿರೆಂದು ಕೀಲಿಮಣೆಯೇ ಕಂಪ್ಯೂಟರಿಗೆ ಹೇಳಿಬಿಡುತ್ತದೆ. ಬೇರೆ ಕಂಪನಿಗಳೂ ಇದನ್ನೇ ಬೇರೆ ಹೆಸರುಗಳಲ್ಲಿ ಕೊಟ್ಟವು. ಆಟದ ಒಡೆತನದ ವಾಲ್ವ್ ಕಂಪನಿ ಅದೇ ವರ್ಷದ ಆಗಸ್ಟ್‌ನಲ್ಲಿ ತನ್ನ ಅಧಿಕೃತ ಸರ್ವರುಗಳಲ್ಲಿ ಇದನ್ನು ನಿಷೇಧಿಸಿ, ಬಳಸಿದವರನ್ನು ಪಂದ್ಯದಿಂದ ಹೊರಹಾಕತೊಡಗಿತು. ನನ್ನ ಮಟ್ಟಿಗೆ ಆ ಗೆರೆ ಸರಿಯಾದ ಜಾಗದಲ್ಲಿದೆ. ರ‍್ಯಾಪಿಡ್ ಟ್ರಿಗರ್ ನಿಮ್ಮ ಬೆರಳು ಮಾಡಿದ್ದನ್ನು ಬೇಗ ವರದಿ ಮಾಡುತ್ತದೆ, ಸ್ನ್ಯಾಪ್ ಟ್ಯಾಪ್ ನಿಮ್ಮ ಬೆರಳು ಮಾಡದೆ ಇದ್ದದ್ದನ್ನು ಮಾಡಿತೆಂದು ವರದಿ ಮಾಡುತ್ತದೆ. ಗೆಳೆಯ ಕೀಲಿಮಣೆಯನ್ನು ಎಸೆಯಬೇಕಿಲ್ಲ, ಆ ಒಂದು ಸೌಲಭ್ಯವನ್ನು ನಿಲ್ಲಿಸಿಕೊಂಡರೆ ಆಯಿತು.

ಮಧ್ಯಾಹ್ನ ಸರಿಯಾಗಿದ್ದ ನನ್ನ ಅಯಸ್ಕಾಂತದ ಕೀಲಿಮಣೆ ರಾತ್ರಿ ಎ.ಸಿ. ಹಾಕಿದ ಮೇಲೆ ಒಂದೆರಡು ಅಕ್ಷರಗಳನ್ನು ತಾನಾಗಿಯೇ ಹೊಡೆಯುತ್ತದೆ. ಎಲ್ಲ ಕೀಲಿಗಳನ್ನೂ 0.1 ಮಿ.ಮೀ.ಗೆ ಇಟ್ಟಿದ್ದೇನೆ. ಸೆನ್ಸರ್ ಕೆಟ್ಟಿದೆಯೇ? — ಬ್ಯಾಂಕ್ ನೌಕರರು, ಕಲಬುರಗಿ

ಕೆಟ್ಟಿರುವ ಸಾಧ್ಯತೆ ಕಡಿಮೆ. ನಿಮ್ಮ ಪತ್ರದ ಕೊನೆಯ ಮಾತಿನಲ್ಲೇ ಉತ್ತರವಿದೆ, ಆದರೆ ಕಾರಣ ಸ್ವಾರಸ್ಯವಾಗಿರುವುದರಿಂದ ಸ್ವಲ್ಪ ವಿಸ್ತರಿಸುತ್ತೇನೆ.

ಅಯಸ್ಕಾಂತದ ಪ್ರಭಾವ ದೂರ ಹೋದಂತೆ ಒಂದೇ ಸಮನಾಗಿ ಕುಗ್ಗುವುದಿಲ್ಲ. ಹತ್ತಿರದಲ್ಲಿ ಕಡಿದಾಗಿ ಕುಗ್ಗಿ, ದೂರದಲ್ಲಿ ನಿಧಾನವಾಗಿ ಕುಗ್ಗುತ್ತದೆ. ಕೀಲಿ ತಳದಲ್ಲಿರುವಾಗ 0.1 ಮಿ.ಮೀ. ಚಲಿಸಿದರೆ ಸೆನ್ಸರಿನ ಅಂಕಿ ಎದ್ದುಕಾಣುವಂತೆ ಜಿಗಿಯುತ್ತದೆ, ಮೇಲಿರುವಾಗ ಅಷ್ಟೇ ಚಲಿಸಿದರೆ ಹೌದೋ ಅಲ್ಲವೋ ಎಂಬಷ್ಟು ಮಾತ್ರ ಬದಲಾಗುತ್ತದೆ. 0.1 ಮಿ.ಮೀ. ಗಡಿ ಇರುವುದು ಈ ಮೇಲಿನ ತುದಿಯಲ್ಲಿ, ಅಂದರೆ ಯಂತ್ರದ ಕಣ್ಣು ಅತ್ಯಂತ ಮಂದವಾಗಿರುವ ಜಾಗದಲ್ಲಿ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಗಳು ಈ ಸಂಗತಿಯನ್ನು ಹೇಳುವುದಿಲ್ಲ.

ಇದರ ಮೇಲೆ ಉಷ್ಣತೆಯ ಪ್ರಶ್ನೆ. ನಿಯೋಡಿಮಿಯಮ್ ಅಯಸ್ಕಾಂತದ ಬಲ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶೇಕಡಾ 0.1ರ ಆಸುಪಾಸಿನಷ್ಟು ಕುಗ್ಗುತ್ತದೆ, ತಣ್ಣಗಾದರೆ ಅಷ್ಟೇ ಮರಳುತ್ತದೆ. ನಿಮ್ಮೂರಿನ 40 ಡಿಗ್ರಿಯ ಮಧ್ಯಾಹ್ನದಲ್ಲಿ ಕ್ಯಾಲಿಬ್ರೇಷನ್ (ಯಾವ ಅಂಕಿ ಎಷ್ಟು ಆಳಕ್ಕೆ ಸಮವೆಂದು ಯಂತ್ರಕ್ಕೆ ಗೊತ್ತುಮಾಡಿಸುವುದು) ಮಾಡಿ, ರಾತ್ರಿ ಕೋಣೆಯನ್ನು 24 ಡಿಗ್ರಿಗೆ ತಂದಾಗ ಅಯಸ್ಕಾಂತ ಶೇಕಡಾ ಒಂದೂವರೆಗಿಂತ ತುಸು ಹೆಚ್ಚು ಬಲಗೊಳ್ಳುತ್ತದೆ. ಬಲಗೊಂಡ ಅಯಸ್ಕಾಂತವನ್ನು ಸೆನ್ಸರ್ ‘ಹತ್ತಿರ ಬಂದ ಅಯಸ್ಕಾಂತ’ ಎಂದು ಓದುತ್ತದೆ. ಯಾರೂ ಮುಟ್ಟದ ಕೀಲಿ ತುಸು ಇಳಿದಂತೆ ತೋರುತ್ತದೆ. ನನ್ನ ಅಂದಾಜಿನಲ್ಲಿ ಇದು ಸುಮಾರು 0.03 ಮಿ.ಮೀ.ನಷ್ಟು. 2 ಮಿ.ಮೀ. ಇಟ್ಟವರಿಗೆ ಇದು ಲೆಕ್ಕಕ್ಕೇ ಇಲ್ಲ, 0.1 ಇಟ್ಟ ನಿಮಗೆ ಗಡಿಯ ಮೂರನೇ ಒಂದು ಪಾಲು. ಉಳಿದದ್ದನ್ನು ಕಾಂಡದ ಅಲುಗಾಟವೋ ಪಕ್ಕದಲ್ಲಿಟ್ಟ ಇನ್ನೊಂದು ಅಯಸ್ಕಾಂತವೋ ತುಂಬಿಕೊಡುತ್ತದೆ. ಉಷ್ಣತೆಯ ಈ ಏರಿಳಿತವನ್ನು ತಾವೇ ಸರಿದೂಗಿಸುವ ಸೆನ್ಸರುಗಳಿವೆ, ಕಾಲಕಾಲಕ್ಕೆ ತಾನೇ ಕ್ಯಾಲಿಬ್ರೇಷನ್ ಮಾಡಿಕೊಳ್ಳುವ ಫರ್ಮ್‌ವೇರ್ ಕೂಡ ಇದೆ, ಆದರೆ ಎಲ್ಲ ಕೀಲಿಮಣೆಗಳಲ್ಲೂ ಇರುತ್ತವೆಂದು ನಂಬುವಂತಿಲ್ಲ.

ಮೊದಲು ಕೀಲಿಮಣೆಯ ಬಳಿ ಇಡುವ ವಸ್ತುಗಳನ್ನು ನೋಡಿ. ಅಯಸ್ಕಾಂತದ ಉಂಗುರವಿರುವ ಮೊಬೈಲ್ ಕವರ್, ಅಯಸ್ಕಾಂತದಿಂದ ಮುಚ್ಚಿಕೊಳ್ಳುವ ಟ್ಯಾಬ್ಲೆಟ್ ಹೊದಿಕೆ, ಸ್ಪೀಕರ್ ಇವುಗಳನ್ನು ದೂರವಿಡಿ. ಬಳಿಕ ನೀವು ಹೆಚ್ಚು ಹೊತ್ತು ಕೆಲಸ ಮಾಡುವ ಉಷ್ಣತೆಯಲ್ಲೇ, ಕೀಲಿಗಳ ಮೇಲಿಂದ ಕೈ ತೆಗೆದು ಮತ್ತೊಮ್ಮೆ ಕ್ಯಾಲಿಬ್ರೇಷನ್ ಮಾಡಿ, ಆಳವನ್ನು 1 ಮಿ.ಮೀ.ಗಿಂತ ಕಡಿಮೆ ಇಡಬೇಡಿ. ಆಗಲೂ ಅದೇ ಕೀಲಿ ತಾನಾಗಿ ಹೊಡೆದರೆ, ಆ ಸ್ವಿಚ್ಚನ್ನು ಪಕ್ಕದ ಕೀಲಿಯದರೊಂದಿಗೆ ಅದಲುಬದಲು ಮಾಡಿ. ತೊಂದರೆ ಸ್ವಿಚ್ಚಿನ ಜೊತೆ ಹೋದರೆ ದೋಷ ಅಯಸ್ಕಾಂತದ್ದು ಅಥವಾ ಕಾಂಡದ್ದು, ಅಲ್ಲೇ ಉಳಿದರೆ ಸೆನ್ಸರಿನದು. ಗ್ಯಾರಂಟಿ ಅವಧಿಯಿದ್ದರೆ ಆಗ ಅಂಗಡಿಗೆ ಹೋಗಿ.

ಸ್ವಿಚ್ಚುಗಳನ್ನು ಸುಲಭವಾಗಿ ಕಿತ್ತು ಹಾಕಬಹುದಾದ ಹಾಟ್‌ಸ್ವಾಪ್ ಕೀಲಿಮಣೆ ನನ್ನಲ್ಲಿದೆ. ಅದಕ್ಕೆ ಅಯಸ್ಕಾಂತದ ಸ್ವಿಚ್ಚುಗಳನ್ನಷ್ಟೇ ಕೊಂಡು ಹಾಕಿದರೆ ಸಾಕಲ್ಲವೇ? — ಹವ್ಯಾಸಿ, ಹುಬ್ಬಳ್ಳಿ

ಸಾಲದು. ಸ್ವಿಚ್ಚಿನಲ್ಲಿರುವುದು ಅಯಸ್ಕಾಂತ ಮಾತ್ರ. ಅಳೆಯುವ ಸೆನ್ಸರುಗಳೂ ಅವುಗಳನ್ನು ಓದುವ ಚಿಪ್ಪೂ ಬೋರ್ಡಿನಲ್ಲಿರಬೇಕು, ನಿಮ್ಮದರಲ್ಲಿ ಅವು ಇಲ್ಲ. ಹೊಸ ಬೋರ್ಡನ್ನೇ ಕೊಳ್ಳುವುದಾದರೆ ಹಳೆಯ ಕೀಕ್ಯಾಪ್‌ಗಳನ್ನು (ಬೆರಳು ತಾಗುವ ಮೇಲಿನ ಮುಚ್ಚಳಗಳನ್ನು) ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು, ಏಕೆಂದರೆ ಹೆಚ್ಚಿನ ಅಯಸ್ಕಾಂತದ ಸ್ವಿಚ್ಚುಗಳ ತಲೆಯೂ ಚೆರಿ ಮಾದರಿಯ, ಕೂಡಿಸುವ ಚಿಹ್ನೆಯ (+) ಆಕಾರದ್ದೇ. ಸ್ವಿಚ್ಚುಗಳ ವಿಷಯದಲ್ಲಿ ಮಾತ್ರ ಜಾಗರೂಕರಾಗಿರಿ. ಕೆಲವು ಕಂಪನಿಗಳ ಸ್ವಿಚ್ಚಿನಲ್ಲಿ ಅಯಸ್ಕಾಂತದ ಉತ್ತರ ಧ್ರುವ ಕೆಳಮುಖವಾಗಿರುತ್ತದೆ, ಇನ್ನು ಕೆಲವದರಲ್ಲಿ ದಕ್ಷಿಣ ಧ್ರುವ. ಬಲವೂ ಒಂದೇ ಇರುವುದಿಲ್ಲ. ಬೋರ್ಡು ನಿರೀಕ್ಷಿಸುವ ಧ್ರುವಕ್ಕೆ ವಿರುದ್ಧವಾದುದನ್ನು ಹಾಕಿದರೆ ಸ್ವಿಚ್ ಸರಿಯಾಗಿ ಕೂರುತ್ತದೆ, ಸ್ಪ್ರಿಂಗ್ ಚೆನ್ನಾಗಿ ಪುಟಿಯುತ್ತದೆ, ಅಕ್ಷರ ಮಾತ್ರ ಮೂಡುವುದಿಲ್ಲ. ಕೊಳ್ಳುವ ಮೊದಲು ಬೋರ್ಡಿನವರು ಕೊಟ್ಟಿರುವ ಹೊಂದಾಣಿಕೆಯ ಪಟ್ಟಿಯಲ್ಲಿ ಆ ಸ್ವಿಚ್ಚಿನ ಹೆಸರಿದೆಯೇ ಎಂದು ನೋಡಿ. ಹೆಸರಿಲ್ಲದಿದ್ದರೆ ಎಪ್ಪತ್ತರ ಕಟ್ಟನ್ನು ಕೊಳ್ಳದೆ, ಬಿಡಿಯಾಗಿ ಒಂದೆರಡನ್ನು ತಂದು ಹಾಕಿ ಪರೀಕ್ಷಿಸಿ.